ತಿಳಿಸಾರಿನ ಬೇಳೆ ಸಾಲದು: ಅಮ್ಮ, ಅಪ್ಪನ ತಟ್ಟೆಗೆ ಪ್ರೋಟೀನ್ ಹಾಕುವುದು ಹೀಗೆ

ನಮ್ಮ ಅಮ್ಮನಿಗೆ ಈಗ 71. ಎರಡು ವರ್ಷದ ಹಿಂದೆ ಮುಂಬೈ ಹತ್ತಿರದ ಡೊಂಬಿವಿಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತುಬಿಟ್ಟರು. ಮಂಡಿ ನೋವಿರಲಿಲ್ಲ, ಏದುಸಿರೂ ಇರಲಿಲ್ಲ, ಕಾಲಲ್ಲಿ ಕಸುವೇ ಇರಲಿಲ್ಲ. ಅವತ್ತಿನಿಂದ ಅವರು ಏನು ತಿನ್ನುತ್ತಾರೆ ಅಂತ ಒಂದು ವಾರ ಬರೆದಿಟ್ಟೆ. ಬೆಳಿಗ್ಗೆ ಚಹಾ, ಎರಡು ಖಾರಿ ಬಿಸ್ಕತ್ತು. ಮಧ್ಯಾಹ್ನ ಅನ್ನ, ಸಾರು, ಪಲ್ಯ. ರಾತ್ರಿ "ಹಗುರ ಇರಲಿ" ಅಂತ ಗಂಜಿ ಅಥವಾ ಉಪ್ಪಿಟ್ಟು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

"ದಿನಾ ಬೇಳೆ ತಿನ್ನುತ್ತೇನಲ್ಲ" ಅಂದರು. ಲೆಕ್ಕ ಹಾಕಿದೆವು. ನಾಲ್ಕು ಜನರ ಸಾರಿಗೆ ನಾವು ಹಾಕುವುದು 50 ಗ್ರಾಂ ತೊಗರಿಬೇಳೆ, ಅದರಲ್ಲಿ ಪ್ರೋಟೀನ್ ಸುಮಾರು 11 ಗ್ರಾಂ, ಒಬ್ಬರ ಪಾಲಿಗೆ ಬರುವುದು 3 ಗ್ರಾಂಗಿಂತ ಕಡಿಮೆ.

ಬೇಕಾಗಿರುವುದು ಎಷ್ಟು? ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವ ತಜ್ಞರು ಬಹಳ ಇದ್ದಾರೆ, ಯಾಕೆಂದರೆ ಅಷ್ಟೇ ಪ್ರೋಟೀನ್ ತಿಂದರೂ ವಯಸ್ಸಾದ ಸ್ನಾಯು ಹರೆಯದ ಸ್ನಾಯುವಿನಷ್ಟು ಚೆನ್ನಾಗಿ ಅದನ್ನು ಬಳಸಿಕೊಳ್ಳುವುದಿಲ್ಲ. ಅಮ್ಮನ ತೂಕ 55 ಕಿಲೋ. ಅಂದರೆ ದಿನಕ್ಕೆ 55ರಿಂದ 66 ಗ್ರಾಂ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕ ಹಿಡಿಯಬೇಡಿ, ಡಾಕ್ಟರನ್ನು ಕೇಳಿಯೇ ಜಾಸ್ತಿ ಮಾಡಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ.

ಬೆಳಿಗ್ಗೆಯಿಂದಲೇ ಶುರು ಮಾಡಿ, ನಮ್ಮವರ ತಟ್ಟೆ ತೀರಾ ಬಡವಾಗಿರುವುದು ಅಲ್ಲೇ. ಎರಡು ಇಡ್ಲಿಯಲ್ಲಿ 4 ಗ್ರಾಂ ಆಸುಪಾಸು, ಅಷ್ಟೇ. ನಾವು ಹೆಸರುಕಾಳು ರಾತ್ರಿ ನೆನೆಸಿ, ಶುಂಠಿ, ಹಸಿಮೆಣಸು ಹಾಕಿ ರುಬ್ಬಿ ದೋಸೆ ಹುಯ್ಯುತ್ತೇವೆ. 50 ಗ್ರಾಂ ಕಾಳಿಗೆ 12 ಗ್ರಾಂ, ಜೊತೆಗೆ ಒಂದು ಹಿಡಿ ಶೇಂಗಾ ಚಟ್ನಿಯಿಂದ 5, ಒಂದು ಲೋಟ ಹಾಲಿನಿಂದ 6. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದಕ್ಕೆ 6 ಗ್ರಾಂ.

ಮಧ್ಯಾಹ್ನಕ್ಕೆ ಮಡಕೆ ಕಾಳಿನ (ಇಲ್ಲಿಯವರ ಮಟಕಿ) ಉಸಳ್, ಅಂದರೆ ಮೊಳಕೆ ಕಾಳಿನ ಮಸಾಲೆ ಪಲ್ಯ. ಇಲ್ಲಿ ಮೊಳಕೆ ಬಂದ ಮಟಕಿ ತರಕಾರಿಯವರ ಹತ್ತಿರವೇ ಸಿಗುತ್ತದೆ, ನೆನೆಸುವ ಕೆಲಸವೂ ಇಲ್ಲ. ಉಸಳ್ ಗಟ್ಟಿಯಾಗಿರಲಿ, ಚಪಾತಿ ಜೊತೆ ಒಂದು ಬಟ್ಟಲು ಮೊಸರೂ ಇರಲಿ. ಮೊದಲ ವಾರ ಹೊಟ್ಟೆ ಉಬ್ಬರಿಸುತ್ತದೆ ಅಂತ ದೂರು ಬರುತ್ತದೆ, ಬಿಡಬೇಡಿ. ನಾಲ್ಕು ಚಮಚದಿಂದ ಶುರು ಮಾಡಿ, ಇಂಗು ಹಾಕಿ, ಚೆನ್ನಾಗಿ ಬೇಯಿಸಿ, ನಿಧಾನಕ್ಕೆ ಹೆಚ್ಚಿಸಿ. ಮೀನು ತಿನ್ನುವ ಮನೆಯಾದರೆ ಬಂಗುಡೆಯನ್ನು ಮರೆಯಬೇಡಿ, 100 ಗ್ರಾಂನಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್, ಪಾಪ್ಲೆಟ್ (ಪಾಂಫ್ರೆಟ್) ಮೀನಿಗಿಂತ ಎಷ್ಟೋ ಅಗ್ಗ.

ರಾತ್ರಿ ಹಗುರ ಅಂದರೆ ಬರೀ ಗಂಜಿ ಅಂತ ಅರ್ಥ ಅಲ್ಲ. 75 ಗ್ರಾಂ ಪನೀರ್ ಪುಡಿ ಮಾಡಿ ಬುರ್ಜಿ ಮಾಡಿದರೆ 13 ಗ್ರಾಂ ಸಿಗುತ್ತದೆ. ಕಡಲೆಹಿಟ್ಟನ್ನು ಒಗ್ಗರಣೆ ನೀರಲ್ಲಿ ಗಟ್ಟಿಯಾಗಿ ಕುದಿಸಿದ ಪಿಠಲೆಯೂ ನಡೆಯುತ್ತದೆ. ಹಲ್ಲಿಲ್ಲದವರಿಗೆ ಇವೆರಡೂ ಮೆತ್ತಗಿರುತ್ತವೆ, ಅಗಿಯುವ ಕಷ್ಟ ಇಲ್ಲ. 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ ಇರುತ್ತದೆ. ಬೇಯಿಸಿ, ಹಿಂಡಿ, ಮಿಕ್ಸಿಯಲ್ಲಿ ತರಿತರಿ ಮಾಡಿ ಪಲ್ಯಕ್ಕೆ ಬೆರೆಸಿ. ಡಬ್ಬದಲ್ಲಿ ಬರುವ ಮಾಲ್ಟ್ ಪುಡಿಗಳಿಗೆ ಸುಮ್ನೆ ದುಡ್ಡು ಹಾಕಬೇಡಿ, ಹಿಂದಿನ ಲೇಬಲ್ ಓದಿ, ಸಕ್ಕರೆ ಎಷ್ಟಿದೆ ನೋಡಿ.

ತಿಂದದ್ದು ಬಲವಾಗಬೇಕಾದರೆ ಸ್ನಾಯುವಿಗೆ ಕೆಲಸವೂ ಬೇಕು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಏಳುವುದು, ಮತ್ತೆ ನಿಧಾನಕ್ಕೆ ಕೂರುವುದು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಅಮ್ಮನಿಗೆ ಮೊದಲ ದಿನ ಮೂರಕ್ಕೇ ಸಾಕಾಗಿತ್ತು, ಆಮೇಲೆ ಎರಡು ದಿನಕ್ಕೊಂದರಂತೆ ಹೆಚ್ಚಿಸಿದೆವು. ಕೈ ಊರದೆ ಏಳಲು ಆಗದಿದ್ದರೆ ಕುರ್ಚಿ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಪಕ್ಕದಲ್ಲಿ ಯಾರಾದರೂ ನಿಂತಿರಿ.