ಡ್ರೈವ್ ತುಂಬಿದೆಯೇ? ‘ಕಾಂಪ್ಯಾಕ್ಟ್’ ಕಮಾಂಡ್ ಬಳಸಿ ನೋಡಿ

ಡ್ರೈವ್‌ನ ನೀಲಿ ಪಟ್ಟಿ ಕೆಂಪಾಯಿತೆಂದು ಸಿಕ್ಕಸಿಕ್ಕ ‘ಕ್ಲೀನರ್’ಗಳನ್ನು ಹಾಕಿಕೊಳ್ಳಬೇಕಿಲ್ಲ. ಫೈಲುಗಳನ್ನು ಕುಗ್ಗಿಸುವ ‘ಕಾಂಪ್ಯಾಕ್ಟ್’ (ಸಿ-ಓ-ಎಂ-ಪಿ-ಎ-ಸಿ-ಟಿ) ಎಂಬ ಕಮಾಂಡ್ ವಿಂಡೋಸ್‌ನಲ್ಲೇ ಇದೆ. ಜಿಪ್‌ನಂತೆ ಬಿಚ್ಚುವ ಗೋಜಿಲ್ಲ. ಫೈಲು ಎಂದಿನಂತೆಯೇ ತೆರೆಯುತ್ತದೆ. ಇಲ್ಲಿ ಕೊಟ್ಟ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಓರೆಗೆರೆ, ಕೋಲನ್, ಸ್ಪೇಸ್ ಇದ್ದಲ್ಲೇ ಇರಲಿ.

ಮೊದಲು ಡ್ರೈವ್‌ನ ಪ್ರಾಪರ್ಟೀಸ್ ತೆರೆದು ಫೈಲ್ ಸಿಸ್ಟಮ್ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಎನ್‌ಟಿಎಫ್‌ಎಸ್ ಎಂದಿದೆಯೇ ನೋಡಿ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಇದು ನಡೆಯದು. ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ (ಡ್ರೈವ್ ಜಾಗವನ್ನು ಹಂಚುವ ಕನಿಷ್ಠ ತುಂಡು) ಗಾತ್ರವನ್ನು 4 ಕೆಬಿಗಿಂತ ದೊಡ್ಡದಾಗಿ ಇಟ್ಟಿದ್ದರೂ ನಡೆಯದು.

ಈಗ ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ನಿಮ್ಮದೇ ಫೋಲ್ಡರ್ ಆದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಡಿ. ಹಾಗೆ ತೆರೆದರೆ ಪ್ರಾಂಪ್ಟ್ ಸಾಮಾನ್ಯವಾಗಿ ವಿಂಡೋಸ್‌ನ ‘ಸಿಸ್ಟಮ್32’ ಫೋಲ್ಡರ್‌ನಲ್ಲೇ ನಿಂತಿರುತ್ತದೆ. ಈ ಕಮಾಂಡ್ ನಿಂತ ಜಾಗದಲ್ಲೇ ಕೆಲಸ ಶುರು ಮಾಡುವಂಥದ್ದು. ಎಷ್ಟೋ ಜನ ಎಡವುವುದು ಇಲ್ಲೇ. ಆದ್ದರಿಂದ ಮೊದಲು ಬೇಕಾದ ಫೋಲ್ಡರ್‌ಗೆ ಹೋಗಿ:

ಸಿಡಿ /ಡಿ "ಡಿ:\ಹಳೇ ಕಡತ"

‘ಸಿಡಿ’ ಎಂದರೆ ಫೋಲ್ಡರ್ ಬದಲಿಸುವ ಕಮಾಂಡ್. ‘ಹಳೇ ಕಡತ’ ಉದಾಹರಣೆಗಷ್ಟೇ, ಅಲ್ಲಿ ನಿಮ್ಮ ಫೋಲ್ಡರ್‌ನ ಹೆಸರನ್ನು ಇದ್ದಂತೆಯೇ ಹಾಕಿ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆ ಹಾಕಿಬಿಡಿ. ಬಳಿಕ:

ಕಾಂಪ್ಯಾಕ್ಟ್ /ಸಿ /ಎಸ್ /ಐ

‘ಸಿ’ ಎಂದರೆ ಕುಗ್ಗಿಸು, ‘ಎಸ್’ ಎಂದರೆ ಒಳಫೋಲ್ಡರ್‌ಗಳೂ ಸೇರಲಿ, ‘ಐ’ ಎಂದರೆ ಒಂದು ಫೈಲು ತಕರಾರು ಮಾಡಿದರೂ ನಿಲ್ಲದೆ ಮುಂದೆ ಹೋಗು. ಮುಂದೆ ಆ ಫೋಲ್ಡರ್‌ನಲ್ಲಿ ಹೊಸದಾಗಿ ಸೃಷ್ಟಿಸುವ ಫೈಲುಗಳೂ ತಾವಾಗಿ ಕುಗ್ಗುತ್ತವೆ. ಕೊನೆಯಲ್ಲಿ ಬರುವ ಅನುಪಾತ ನೋಡಿ: 2.0ಕ್ಕೆ 1 ಎಂದಿದ್ದರೆ ಅರ್ಧ ಜಾಗ ಉಳಿಯಿತು, 1.0ಕ್ಕೆ 1 ಎಂದಿದ್ದರೆ ಏನೂ ಗಿಟ್ಟಲಿಲ್ಲ. ಫೋಟೋ, ಎಂಪಿ4 ವಿಡಿಯೊ, ಜಿಪ್ ಮೊದಲೇ ಕುಗ್ಗಿದವು, ಅವನ್ನು ಹಿಂಡಿದರೆ ಹನಿಯೂ ಬರದು. ಲಾಗ್, ಸಿಎಸ್‌ವಿ, ಬಿಟ್‌ಮ್ಯಾಪ್‌ಗಳಲ್ಲಿ ಲಾಭ ಜಾಸ್ತಿ.

ವಿಂಡೋಸ್ 10ರಿಂದ ಇನ್ನೊಂದು ಬಗೆ ಬಂದಿದೆ. ಒಮ್ಮೆ ಇನ್‌ಸ್ಟಾಲ್ ಆಗಿ ಹೆಚ್ಚು ಬದಲಾಗದ ಗೇಮ್, ಪ್ರೋಗ್ರಾಂ ಫೋಲ್ಡರ್‌ಗಳಿಗೆ ಇದೇ ವಾಸಿ. ಮೊದಲಿನಂತೆಯೇ ಆ ಫೋಲ್ಡರ್‌ಗೆ ಹೋಗಿ:

ಕಾಂಪ್ಯಾಕ್ಟ್ /ಸಿ /ಎಸ್ /ಐ /ಇಎಕ್ಸ್‌ಇ:ಎಲ್‌ಜೆಡ್‌ಎಕ್ಸ್ *

‘ಎಲ್‌ಜೆಡ್‌ಎಕ್ಸ್’ ಎಂಬುದು ಕುಗ್ಗಿಸುವ ಒಂದು ವಿಧಾನ, ನಕ್ಷತ್ರ ಚಿಹ್ನೆ ಎಂದರೆ ಎಲ್ಲ ಫೈಲುಗಳೂ. ಹೆಚ್ಚು ಕುಗ್ಗುತ್ತದೆ, ಆದರೆ ಸಮಯ ತಿನ್ನುತ್ತದೆ. ಇಂಥ ಫೈಲಿಗೆ ಯಾವುದಾದರೂ ಪ್ರೋಗ್ರಾಂ ಬರೆದ ಕೂಡಲೇ ಅದು ಮತ್ತೆ ಪೂರ್ಣ ಗಾತ್ರಕ್ಕೆ ಮರಳುತ್ತದೆ. ಅಪ್‌ಡೇಟ್ ಆದ ಮೇಲೆ ಮತ್ತೊಮ್ಮೆ ಓಡಿಸಬೇಕು.

ಇಡೀ ಸಿ ಡ್ರೈವ್ ಅನ್ನು ಹಿಂಡುವ ಆಸೆ ಬೇಡ. ಹಳೆಯ ಬಯೋಸ್ ಯಂತ್ರಗಳಲ್ಲಿ ‘ಬೂಟ್‌ಎಂಜಿಆರ್’ ಎಂಬ, ವಿಂಡೋಸ್ ಶುರು ಮಾಡುವ ಫೈಲೂ ಕುಗ್ಗಿಬಿಟ್ಟರೆ, ‘ಬೂಟ್‌ಎಂಜಿಆರ್ ಈಸ್ ಕಂಪ್ರೆಸ್ಡ್’ ಎಂಬ ಸಂದೇಶ ತೋರಿಸಿ ಕಂಪ್ಯೂಟರ್ ಕೂತುಬಿಡುತ್ತದೆ. ಆಮೇಲೆ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಹುಡುಕುವ ಪಾಡು. ವಿಂಡೋಸ್ ಫೈಲುಗಳನ್ನೇ ಕುಗ್ಗಿಸಬೇಕೆಂದರೆ ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ನಲ್ಲಿ ‘ಕಾಂಪ್ಯಾಕ್ಟ್ /ಕಾಂಪ್ಯಾಕ್ಟ್‌ಓಎಸ್:ಆಲ್ವೇಸ್’ ಎಂದು ಕೊಡಿ. ‘ಆಲ್ವೇಸ್’ ಜಾಗದಲ್ಲಿ ‘ನೆವರ್’ ಎಂದರೆ ಹಿಂದಿನಂತಾಗುತ್ತದೆ. ಡೇಟಾಬೇಸ್, ಲೆಕ್ಕಪತ್ರದ ತಂತ್ರಾಂಶದ ಡೇಟಾ ಫೋಲ್ಡರ್‌ಗಳನ್ನು ಮುಟ್ಟಬೇಡಿ. ಕ್ಷಣಕ್ಷಣ ಬರೆಯುವ ಫೈಲು ಕುಗ್ಗಿದ್ದರೆ ಚೂರುಚೂರಾಗಿ ಹರಡಿ ನಿಧಾನವಾಗುತ್ತದೆ.

ಬಿಚ್ಚಲು ಅದೇ ಫೋಲ್ಡರ್‌ನಲ್ಲಿ ‘ಕಾಂಪ್ಯಾಕ್ಟ್ /ಯು /ಎಸ್ /ಐ’. ಎರಡನೇ ಬಗೆಯಲ್ಲಿ ಕುಗ್ಗಿಸಿದ್ದರೆ ಜೊತೆಗೆ ‘/ಇಎಕ್ಸ್‌ಇ *’ ಸೇರಿಸಿ. ಬಿಚ್ಚಿದ ಗಾತ್ರ ಹಿಡಿಸುವಷ್ಟು ಖಾಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.