ಚೆಕ್ ಪಾಸಾಯಿತು, ಬೈಂಡ್ ಮಾತ್ರ ಏಳಲಿಲ್ಲ

ಕಲಬುರಗಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಉಬುಂಟು ಸರ್ವರಿನಲ್ಲಿ ಬೈಂಡ್ 9 ಓಡುತ್ತದೆ. ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಡಿಎನ್‌ಎಸ್ ಸಾಫ್ಟ್‌ವೇರ್ ಅದು. ಯಾವ ಮೆಷಿನ್ ಯಾವ ಹೆಸರು ಕೇಳುತ್ತಿದೆ ಎಂದು ನೋಡಬೇಕಿತ್ತು. ಒಂದು ಬೆಳಿಗ್ಗೆ ಕಾನ್ಫಿಗ್ ಫೈಲಿನಲ್ಲಿ, ಕೇಳಿದ್ದನ್ನೆಲ್ಲ ಫೈಲಿಗೆ ಬರೆದಿಡುವಂತೆ ಲಾಗಿಂಗ್ ಬ್ಲಾಕ್ ಬರೆದು ರೀಸ್ಟಾರ್ಟ್ ಕೊಟ್ಟೆ. ಐದೇ ನಿಮಿಷಕ್ಕೆ ಅಟೆಂಡರ್ ಬಂದರು.

"ಸರ್, ನೆಟ್ ಬಂದ್ ಆಗ್ಯಾದ್ರಿ. ಹುಡುಗ್ರು ಸುಮ್ನೆ ಕುಂತಾರ್ರಿ."

ನೆಟ್ ಇತ್ತು. ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಹೋಗುತ್ತಿತ್ತು. ಹೆಸರು ಕೊಟ್ಟರೆ ಮಾತ್ರ ಉತ್ತರವಿಲ್ಲ.

ಸರ್ವಿಸಿನ ಸ್ಟೇಟಸ್ ನೋಡಿದರೆ, ಪದೇ ಪದೇ ಸ್ಟಾರ್ಟ್ ಮಾಡಿದ್ದರಿಂದ ನಿಲ್ಲಿಸಿದ್ದೇನೆ ಎನ್ನುವ ಸಾಲಷ್ಟೇ ಇತ್ತು. ಅದು ಕಾರಣವಲ್ಲ. ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಇರುತ್ತದೆ. ಸಿಸ್ಟಮ್ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ನೇಮ್ಡ್ (ಬೈಂಡ್ ಓಡುವುದು ಈ ಹೆಸರಿನಲ್ಲಿ) ಸರ್ವಿಸಿನ ಕೊನೆಯ 50 ಸಾಲು ತೆಗೆದೆ. ಮುಚ್ಚುವ ಬ್ರಾಕೆಟ್ಟಿಗಿಂತ ಮೊದಲು ಸೆಮಿಕೋಲನ್ ಇಲ್ಲ ಎಂದಿತ್ತು. ಬಿಟ್ಟುಹೋಗಿದ್ದು ಅದು ತೋರಿಸಿದ ಸಾಲಿನಲ್ಲಲ್ಲ, ಅದರ ಹಿಂದಿನದರಲ್ಲಿ. ಬೈಂಡ್ ಹೀಗೆ ಮುಂದಿನ ಸಾಲನ್ನು ತೋರಿಸುವುದು ಜಾಸ್ತಿ.

ಸರಿಪಡಿಸಿ, ಕಾನ್ಫಿಗ್ ಫೈಲ್ ಪರೀಕ್ಷಿಸುವ ನೇಮ್ಡ್-ಚೆಕ್‌ಕಾನ್ಫ್ ಓಡಿಸಿದೆ. ಏನೂ ಹೇಳಲಿಲ್ಲ. ಹಾಗೆಂದರೆ ಬರೆದದ್ದರಲ್ಲಿ ತಪ್ಪಿಲ್ಲ ಎಂದರ್ಥ. ಸ್ಟಾರ್ಟ್ ಕೊಟ್ಟರೆ ಮತ್ತೆ ಬಿತ್ತು! ಮಕ್ಕಳ ಪಾಠ ಮುಖ್ಯ ಅಲ್ವಾ? ಇಡೀ ಬ್ಲಾಕನ್ನು ಬೈಂಡ್ ಓದದಂತೆ ಕಾಮೆಂಟ್ ಮಾಡಿ ಸರ್ವಿಸ್ ಏಳಿಸಿದೆ. ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ಮತ್ತೆ ಕೂತೆ.

ಈ ಸಲ ಜರ್ನಲ್ ಹೇಳಿದ್ದು ಲಾಗ್ ಫೈಲ್ ತೆರೆಯಲು ಪರ್ಮಿಷನ್ ಇಲ್ಲವೆಂದು. ನಾನು /ವಾರ್/ಲಾಗ್ ಒಳಗೆ ಡಿಎನ್‌ಎಸ್ ಎಂಬ ಹೊಸ ಫೋಲ್ಡರ್ ಮಾಡಿದ್ದೆ. ಅದರ ಮಾಲೀಕ ರೂಟ್, ಅಂದರೆ ಸಿಸ್ಟಮ್ಮಿನ ಅಡ್ಮಿನ್ ಯೂಸರ್. ಆದರೆ ಉಬುಂಟುವಿನಲ್ಲಿ ನೇಮ್ಡ್ ಓಡುವುದು ಬೈಂಡ್ ಎಂಬ ಯೂಸರ್ ಹೆಸರಿನಲ್ಲಿ. ನೇಮ್ಡ್-ಚೆಕ್‌ಕಾನ್ಫ್ ಕಾನ್ಫಿಗ್ ಬರಹವನ್ನು ನೋಡುತ್ತದೆ, ಲಾಗ್ ಫೈಲ್ ತೆರೆದು ನೋಡುವುದಿಲ್ಲ. ಅದಕ್ಕೇ ಚೆಕ್ ಪಾಸಾಗಿದ್ದು. ಮಾಲೀಕನನ್ನು ಬದಲಿಸುವ ಚೌನ್ ಕಮಾಂಡ್ ಕೊಟ್ಟು ಫೋಲ್ಡರನ್ನು ಬೈಂಡ್ ಯೂಸರಿಗೆ ಕೊಟ್ಟೆ.

ಆದರೂ ಅದೇ ತಪ್ಪು.

ಇಲ್ಲಿ ತುಂಬ ಹೊತ್ತು ಹೋಯಿತು. ಫೈಲುಗಳ ಮಾಲೀಕ, ಪರ್ಮಿಷನ್ ತೋರಿಸುವ ಎಲ್‌ಎಸ್‌ನಲ್ಲಿ ಎಲ್ಲ ಸರಿ ಕಾಣುತ್ತಿತ್ತು. ಕೊನೆಗೆ ಡಿಮೆಸೇಜ್ ಕಮಾಂಡಿನಲ್ಲಿ ಕರ್ನಲ್ (ಸಿಸ್ಟಮ್ಮಿನ ಒಳತಿರುಳು) ಬರೆದ ಸಾಲುಗಳನ್ನು ಓದಿದಾಗ ಸಿಕ್ಕಿತು: ಆಪ್‌ಆರ್ಮರ್, ಡಿನೈಡ್, ಪಕ್ಕದಲ್ಲಿ ನನ್ನ ಫೋಲ್ಡರಿನ ಹೆಸರು. ಆಪ್‌ಆರ್ಮರ್ ಉಬುಂಟುವಿನ ಭದ್ರತಾ ವ್ಯವಸ್ಥೆ. ನೇಮ್ಡ್ ಯಾವ ಫೋಲ್ಡರ್ ಮುಟ್ಟಬಹುದು ಎಂಬ ಪಟ್ಟಿ, ಅಂದರೆ ಪ್ರೊಫೈಲ್, ಅದರ ಹತ್ತಿರ ಬೇರೆಯೇ ಇರುತ್ತದೆ. ಫೈಲಿನ ಮಾಲೀಕ ಯಾರೇ ಇರಲಿ, ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಬಿಡುವುದಿಲ್ಲ. ಪ್ರೊಫೈಲ್ ತೆರೆದು ನೋಡಿದೆ. /ವಾರ್/ಲಾಗ್/ನೇಮ್ಡ್‌ಗೆ ಅನುಮತಿ ಮೊದಲೇ ಇತ್ತು. ಪ್ರೊಫೈಲಿಗೆ ನಮ್ಮ ಸಾಲು ಸೇರಿಸಲು ಇರುವ ಲೋಕಲ್ ಫೈಲಿನಲ್ಲಿ ನನ್ನ ಫೋಲ್ಡರನ್ನೂ ಸೇರಿಸಬಹುದಿತ್ತು. ಆದರೆ ಭದ್ರತೆಯ ಪಟ್ಟಿ ಉದ್ದ ಮಾಡುವುದು ನನಗೆ ಸರಿ ಅನ್ನಿಸಲಿಲ್ಲ. /ವಾರ್/ಲಾಗ್ ಒಳಗೆ ನೇಮ್ಡ್ ಫೋಲ್ಡರ್ ಮಾಡಿ ಬೈಂಡ್ ಯೂಸರಿಗೆ ಕೊಟ್ಟೆ, ಕಾನ್ಫಿಗ್‌ನಲ್ಲಿ ದಾರಿ ಬದಲಿಸಿದೆ. ಸರ್ವಿಸ್ ಎದ್ದಿತು.

ಈಗ ಕಾನ್ಫಿಗ್ ಮುಟ್ಟಿದಾಗ ರೀಸ್ಟಾರ್ಟ್ ಕೊಡುವುದಿಲ್ಲ. ಓಡುತ್ತಿರುವ ಬೈಂಡ್‌ಗೆ ಕಾನ್ಫಿಗ್ ಮತ್ತೆ ಓದು ಎಂದು ಹೇಳುವ ಆರ್‌ಎನ್‌ಡಿಸಿ ರೀಕಾನ್ಫಿಗ್ ಕಮಾಂಡ್ ಕೊಡುತ್ತೇನೆ. ಹೊಸ ಫೈಲಿನಲ್ಲಿ ತಪ್ಪಿದ್ದರೆ ಬೈಂಡ್ ಅದನ್ನು ಹೇಳಿ, ಹಳೆಯದರ ಮೇಲೇ ಓಡುತ್ತಿರುತ್ತದೆ. ಲ್ಯಾಬಿಗೆ ಗೊತ್ತೇ ಆಗುವುದಿಲ್ಲ.

ಲಾಗಿನ ಮೊದಲ ಹತ್ತು ನಿಮಿಷದಲ್ಲೇ ಒಂದು ವಿಷಯ ಕಂಡಿತು. ಮೂಲೆಯ ಪ್ರಿಂಟರ್, ಯಾವಾಗಲೋ ತೆಗೆದುಹಾಕಿದ ಹಳೆಯ ಸರ್ವರಿನ ಹೆಸರನ್ನು ಬಿಡದೆ ಕೇಳುತ್ತಿತ್ತು.