ಚೌತಿಗೆ ಮನೆ ತುಂಬಿದಾಗ ಯಾವ ಆಟ?

ಶಿರಸಿ-ಸಿದ್ದಾಪುರ ಕಡೆ ಚೌತಿಗೆ ಜಗಲಿ ತುಂಬ ನೆಂಟರಿದ್ದಾಗ ಆಡಲು ಬೋರ್ಡ್ ಗೇಮ್ ಕೊಳ್ಳುವವರು ಮೊದಲು ಡಬ್ಬಿಯ ಮೇಲಿನ ಆಟಗಾರರ ಸಂಖ್ಯೆ ನೋಡಿ. ‘4–6’ ಎಂದಿದ್ದರೆ ಉಳಿದವರು ಮೊಬೈಲ್ ಹಿಡಿದು ಕೂರುತ್ತಾರೆ. ತಂಡ ಕಟ್ಟಿ ಆಡುವಂಥದ್ದೇ ಬೇಕು.

ಕೋಡ್‌ನೇಮ್ಸ್ ಎಂಬ ಪದ ಊಹಿಸುವ ಆಟ ಇದಕ್ಕೆ ಚೊಲೋ: 25 ಪದ, ಎರಡು ತಂಡ, ತಂಡಕ್ಕೊಬ್ಬರು ಸುಳಿವು ಕೊಡುವವರು, ಉಳಿದವರು ಅದರಿಂದ ತಮ್ಮ ತಂಡದ ಪದ ಊಹಿಸಬೇಕು. ಆದರೆ ಇಂಗ್ಲಿಷ್ ಪದಗಳಾದರೆ ಅಜ್ಜಿ, ದೊಡ್ಡಪ್ಪ ಹೊರಗೇ. ರಟ್ಟು ಕತ್ತರಿಸಿ ಕನ್ನಡ ಪದ ಬರೆದುಕೊಳ್ಳಿ; ಎರಡರ್ಥದವು ಹೆಚ್ಚಿದ್ದಷ್ಟೂ ಮಜಾ (ಅಡಿ, ಕರೆ, ಹೊಳೆ, ಕಾಲು). ಯಾವ ಪದ ಯಾರದ್ದೆಂದು ತೋರಿಸುವ ಡಬ್ಬಿಯ ಕಾರ್ಡ್ ಹಾಗೇ ನಡೆಯುತ್ತದೆ: ಒಂದು ತಂಡಕ್ಕೆ 9, ಇನ್ನೊಂದಕ್ಕೆ 8, ಯಾರಿಗೂ ಸೇರದವು 7, ಮುಟ್ಟಿದರೆ ಸೋಲುವ ಪದ 1.

ಕ್ವಿಜ್ ಆದರೆ ತಂಡಕ್ಕೆ ನಾಲ್ಕೇ ಜನ. ಹೆಚ್ಚಾದರೆ ಇಬ್ಬರು ಉತ್ತರಿಸಿ ಉಳಿದವರು ತೂಕಡಿಸುತ್ತಾರೆ. ಕೂಗಿ ಹೇಳಿಸಬೇಡಿ, ದೊಡ್ಡ ಗಂಟಲಿನವರೇ ಗೆಲ್ಲುತ್ತಾರೆ, ಚೀಟಿಯಲ್ಲಿ ಬರೆಸಿ. ಊರಿನ ಪ್ರಶ್ನೆ ಸೇರಿಸಿ: ಉಂಚಳ್ಳಿ ಜಲಪಾತ ಯಾವ ಹೊಳೆಯದು (ಅಘನಾಶಿನಿ), ಮಾಗೋಡಿನದು ಯಾವುದು (ಬೇಡ್ತಿ)? ಇಸವಿ ಕೇಳಿದರೆ, ಉದಾಹರಣೆಗೆ ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ 1956, ಹತ್ತಿರದ ಉತ್ತರಕ್ಕೂ ಅಂಕ ಕೊಡಿ.

ಮೊಬೈಲ್ ಆ್ಯಪಿನ ಕ್ವಿಜ್ ನಂಬಬೇಡಿ. ಮಳೆಗೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ.